ನೀಲಿ-ಹಸಿರು ಪದರದ ಹಿಂದೆ: ಲ್ಯಾಂಗೈಟ್ ಮತ್ತು ಅದರ ಬಳಗ

ತುಮಕೂರಿನ ನನ್ನ ಪರೀಕ್ಷಾ ಮೇಜಿಗೆ ಬರುವ ಹಸಿರು ಕಲ್ಲುಗಳಲ್ಲಿ ಹೆಚ್ಚಿನವು ತಾಮ್ರದವಲ್ಲ. ಪಾವಗಡ, ಮಧುಗಿರಿ ಕಡೆಯಿಂದ ಬಂದದ್ದು ಸಾಮಾನ್ಯವಾಗಿ ಗ್ರಾನೈಟ್‌ನ ಬಿರುಕುಗಳಲ್ಲಿ ತುಂಬಿಕೊಂಡ ಎಪಿಡೋಟ್ ಆಗಿರುತ್ತದೆ. ಚಿಕ್ಕನಾಯಕನಹಳ್ಳಿ, ಶಿರಾ ಕಡೆಯದಾದರೆ ಕ್ಲೋರೈಟ್ ತುಂಬಿದ ಹಸಿರು ಪದರಶಿಲೆ. ಎರಡರ ಬಣ್ಣವೂ ಕಬ್ಬಿಣದಿಂದ ಬಂದದ್ದು, ತಾಮ್ರಕ್ಕೂ ಅವಕ್ಕೂ ಸಂಬಂಧವಿಲ್ಲ. ಆದರೆ ಗದಗದಿಂದ ದಕ್ಷಿಣಕ್ಕೆ ಚಾಚಿ ನಮ್ಮ ಜಿಲ್ಲೆಯನ್ನೂ ಹಾದುಹೋಗುವ ಚಿತ್ರದುರ್ಗ ಶಿಲಾಪಟ್ಟಿಯಲ್ಲಿ ತಾಮ್ರವೂ ಇದೆ. ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ತಾಮ್ರದ ಗಣಿಯೇ ನಡೆದಿತ್ತು. ಹಾಗಾಗಿ ಆಗೊಮ್ಮೆ ಈಗೊಮ್ಮೆ ನಿಜವಾದ ತಾಮ್ರದ ಕಲ್ಲು ಕೈಗೆ ಬರುತ್ತದೆ. ತಂದವರು ವಿದ್ಯಾರ್ಥಿಗಳಾದರೆ ಜೊತೆಗೆ ಉತ್ತರವೂ ಸಿದ್ಧವಾಗಿರುತ್ತದೆ: "ಸರ್, ಮ್ಯಾಲಕೈಟ್."

ಮ್ಯಾಲಕೈಟ್ ಎಂದರೆ ತಾಮ್ರದ ಹಸಿರು ಕಾರ್ಬೊನೇಟ್ ಖನಿಜ. ಆ ಉತ್ತರ ಎಷ್ಟೋ ಸಲ ಸರಿಯಿರುತ್ತದೆ. ಆದರೂ ಬಣ್ಣ ನೋಡಿದೊಡನೆ ಮ್ಯಾಲಕೈಟ್ ಎಂದು ಬರೆದುಬಿಡುವ ಅಭ್ಯಾಸ ಒಂದು ದೊಡ್ಡ ಬಳಗವನ್ನೇ ಮರೆಮಾಡುತ್ತಿದೆ. ತಾಮ್ರದ ಸಲ್ಫೇಟ್ ಖನಿಜಗಳ ಬಳಗ ಅದು. ಅದರಲ್ಲಿಯೂ ಲ್ಯಾಂಗೈಟ್, ಪೋಸ್ನ್ಯಾಕೈಟ್, ರೋವುಲ್ಫೈಟ್ ಎಂಬ ಮೂರು ಅಪರೂಪದ ಸದಸ್ಯರು ಎಷ್ಟು ಸ್ವಾರಸ್ಯದವರೆಂದರೆ, ಅವರನ್ನು ಗುರುತಿಸದೆ ಬಿಡುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇವೆಲ್ಲವೂ ದ್ವಿತೀಯಕ ಖನಿಜಗಳು. ಭೂಮಿಯ ಆಳದಲ್ಲಿ ಮೊದಲು ಹುಟ್ಟಿದ್ದು ತಾಮ್ರ, ಕಬ್ಬಿಣ, ಗಂಧಕ ಸೇರಿದ ಚಾಲ್ಕೋಪೈರೈಟ್. ಹಿತ್ತಾಳೆಯ ಹೊಳಪಿನ ಹಳದಿ ಅದಿರು. ಅದಕ್ಕೆ ಗಾಳಿ, ನೀರು ತಾಗಿದಾಗ ಗಂಧಕವು ಗಂಧಕಾಮ್ಲವಾಗುತ್ತದೆ. ಕಬ್ಬಿಣ ತುಕ್ಕಾಗಿ ಅಲ್ಲೇ ಉಳಿಯುತ್ತದೆ. ತಾಮ್ರ ಮಾತ್ರ ನೀರಿನಲ್ಲಿ ಕರಗಿ ಹೊರಡುತ್ತದೆ. ಹೀಗೆ ಹೊರಟ ತಾಮ್ರ ಎಲ್ಲಿ, ಯಾವ ರೂಪದಲ್ಲಿ ನೆಲೆಗೊಳ್ಳುತ್ತದೆ ಎಂಬುದನ್ನು ನೀರಿನ ಆಮ್ಲೀಯತೆ, ಅದರಲ್ಲಿರುವ ಕಾರ್ಬೊನೇಟ್, ಕ್ಲೋರೈಡ್‌ಗಳ ಪ್ರಮಾಣ ಹಾಗೂ ಆ ಜಾಗ ಎಷ್ಟು ಬೇಗ ಒಣಗುತ್ತದೆ ಎಂಬುದು ತೀರ್ಮಾನಿಸುತ್ತವೆ. ಸುತ್ತ ಸುಣ್ಣಕಲ್ಲಿದ್ದು ಆಮ್ಲ ತಟಸ್ಥವಾದರೆ ಮ್ಯಾಲಕೈಟ್. ಕಡಲ ಗಾಳಿಯ ಉಪ್ಪಿದ್ದರೆ ತಾಮ್ರದ ಕ್ಲೋರೈಡ್ ಖನಿಜವಾದ ಅಟಕಮೈಟ್. ಆಮ್ಲ ಉಳಿದುಕೊಂಡಿದ್ದರೆ ಸಲ್ಫೇಟುಗಳು.

ಸಲ್ಫೇಟುಗಳಲ್ಲಿಯೂ ಒಂದು ಕ್ರಮವಿದೆ. ತೀರ ಹುಳಿಯಾದ ನೀರು ಆವಿಯಾಗಿ ಒಣಗಿದರೆ ಉಳಿಯುವುದು ಚಾಲ್ಕಾಂಥೈಟ್, ಅಂದರೆ ಅಂಗಡಿಯಲ್ಲಿ ಸಿಗುವ ಮೈಲುತುತ್ತದ ನೈಸರ್ಗಿಕ ರೂಪ. ಹುಳಿ ಸ್ವಲ್ಪ ತಗ್ಗಿದರೆ ಆ್ಯಂಟ್ಲರೈಟ್, ಇನ್ನೂ ತಗ್ಗಿದರೆ ಬ್ರೊಶಾಂಟೈಟ್. ಚಾಲ್ಕಾಂಥೈಟ್‌ನಲ್ಲಿ ಹೈಡ್ರಾಕ್ಸಿಲ್ (ಒಂದು ಆಮ್ಲಜನಕ, ಒಂದು ಹೈಡ್ರೋಜನ್ ಸೇರಿದ ಗುಂಪು) ಇಲ್ಲವೇ ಇಲ್ಲ. ಆ್ಯಂಟ್ಲರೈಟ್‌ನಲ್ಲಿ ಮೂರು ತಾಮ್ರಕ್ಕೆ ನಾಲ್ಕು ಹೈಡ್ರಾಕ್ಸಿಲ್, ಬ್ರೊಶಾಂಟೈಟ್‌ನಲ್ಲಿ ನಾಲ್ಕು ತಾಮ್ರಕ್ಕೆ ಆರು. ನೀರಿನ ಹುಳಿ ಇಳಿದಂತೆ ಖನಿಜದಲ್ಲಿ ಹೈಡ್ರಾಕ್ಸಿಲ್ ಪಾಲು ಏರುತ್ತದೆ; ತಾಮ್ರದ ಪಾಲೂ ಏರುತ್ತದೆ. ಚಾಲ್ಕಾಂಥೈಟ್‌ನ ತೂಕದಲ್ಲಿ ತಾಮ್ರ ಶೇ 25.5ರಷ್ಟಾದರೆ ಆ್ಯಂಟ್ಲರೈಟ್‌ನಲ್ಲಿ ಶೇ 53.7, ಬ್ರೊಶಾಂಟೈಟ್‌ನಲ್ಲಿ ಶೇ 56.2. ಚಿಲಿಯ ಅಟಕಾಮ ಮರುಭೂಮಿಯ ಚುಕಿಕಮಾಟ ಗಣಿಯಲ್ಲಿ ಆ್ಯಂಟ್ಲರೈಟ್ ಮುಖ್ಯ ಅದಿರೇ ಆಗಿತ್ತು. ಮಳೆಯೇ ಇಲ್ಲದ ನೆಲದಲ್ಲಿ ಅದು ಅಷ್ಟು ದೊಡ್ಡ ಪ್ರಮಾಣದಲ್ಲಿ ಉಳಿಯಲು ಸಾಧ್ಯವಾಯಿತು.

ಈಗ ವರ್ಗೀಕರಣಕ್ಕೆ ಬರೋಣ. ಜರ್ಮನಿಯ ಖನಿಜಶಾಸ್ತ್ರಜ್ಞ ಸ್ಟ್ರುಂಜ್ 1941ರಲ್ಲಿ ಹಾಕಿಕೊಟ್ಟ ಪದ್ಧತಿಯ ಈಗಿನ ಆವೃತ್ತಿಯಲ್ಲಿ ಸಲ್ಫೇಟುಗಳದ್ದು ಏಳನೆಯ ವರ್ಗ. ವಿದ್ಯಾರ್ಥಿಗಳು ಅದರ ಸಂಕೇತಗಳನ್ನು ಉರು ಹೊಡೆಯುವುದನ್ನು ನೋಡಿದ್ದೇನೆ. ಅದರ ಅಗತ್ಯವಿಲ್ಲ, ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ಸಲ್ಫೇಟ್ ಜೊತೆಗೆ ಹೈಡ್ರಾಕ್ಸಿಲ್‌ನಂಥ ಇನ್ನೊಂದು ಋಣ ಅಯಾನು ಇದೆಯೇ? ಹರಳಿನೊಳಗೆ ನೀರಿನ ಅಣು ಇದೆಯೇ? ಎರಡೂ ಇಲ್ಲದಿದ್ದರೆ ಮೊದಲ ವಿಭಾಗ. ವೆಸೂವಿಯಸ್ ಜ್ವಾಲಾಮುಖಿಯ ಬಿಸಿ ಅನಿಲಗಳ ಬಾಯಲ್ಲಿ ಹುಟ್ಟುವ ಚಾಲ್ಕೋಸಯನೈಟ್ ಅಲ್ಲಿದೆ. ಹೈಡ್ರಾಕ್ಸಿಲ್ ಮಾತ್ರ ಇದ್ದರೆ ಎರಡನೆಯದು, ಆ್ಯಂಟ್ಲರೈಟ್ ಮತ್ತು ಬ್ರೊಶಾಂಟೈಟ್‌ಗಳ ಮನೆ. ನೀರು ಮಾತ್ರ ಇದ್ದರೆ ಮೂರನೆಯದು. ಐದು ನೀರಿನ ಚಾಲ್ಕಾಂಥೈಟ್, ಮೂರು ನೀರಿನ ಬೊನಾಟೈಟ್, ಏಳು ನೀರಿನ ಬೂಥೈಟ್ ಅಲ್ಲಿವೆ. ಎರಡೂ ಇದ್ದರೆ ನಾಲ್ಕನೆಯ ವಿಭಾಗ. ಲ್ಯಾಂಗೈಟ್ ಮತ್ತು ಅದರ ಸಂಗಡಿಗರು ಇರುವುದು ಇಲ್ಲಿ. ಕ್ಯಾಲ್ಸಿಯಂ ಸೇರಿಸಿಕೊಂಡ ಡೆವಿಲ್ಲಿನ್ ಕೂಡ ಇದೇ ವಿಭಾಗದ್ದು.

ಲ್ಯಾಂಗೈಟ್ ಮೊದಲು ದಾಖಲಾದದ್ದು 1864ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರದೇಶದ ಕಲ್ಲುಗಳಿಂದ. ವಿವರಿಸಿದವರು ಬ್ರಿಟಿಷ್ ಖನಿಜಶಾಸ್ತ್ರಜ್ಞ ಮಾಸ್ಕೆಲಿನ್, ಹೆಸರು ಆಸ್ಟ್ರಿಯಾದ ಭೌತವಿಜ್ಞಾನಿ ವಿಕ್ಟರ್ ಫಾನ್ ಲಾಂಗ್ ಅವರದ್ದು. ಇದರ ಸಂಯೋಜನೆ ಬ್ರೊಶಾಂಟೈಟ್‌ನದ್ದೇ: ನಾಲ್ಕು ತಾಮ್ರ, ಒಂದು ಸಲ್ಫೇಟ್, ಆರು ಹೈಡ್ರಾಕ್ಸಿಲ್. ಅದರ ಮೇಲೆ ಎರಡು ಅಣು ನೀರು. ಒಂದೇ ಅಣು ನೀರಿದ್ದರೆ ಅದು ಪೋಸ್ನ್ಯಾಕೈಟ್. ಕಜಕಸ್ತಾನದಿಂದ 1967ರಲ್ಲಿ ಪ್ರಕಟವಾಯಿತು. ರೋವುಲ್ಫೈಟ್‌ನಲ್ಲಿಯೂ ಎರಡು ಅಣು ನೀರಿದೆ. ಲ್ಯಾಂಗೈಟ್‌ಗೂ ಅದಕ್ಕೂ ರಾಸಾಯನಿಕವಾಗಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಒಳಗಿನ ಜೋಡಣೆ ಮಾತ್ರ ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಹಳೆಯ ಸೀಸದ ಗಣಿಯೊಂದರಿಂದ ಬಂದ ಈ ಖನಿಜಕ್ಕೆ 1975ರಲ್ಲಿ ಪ್ರತ್ಯೇಕ ಹೆಸರು ಸಿಕ್ಕಿತು.

ಆ ಜೋಡಣೆಯನ್ನು ತಿಳಿದುಕೊಂಡರೆ ಗುಣಗಳು ತಾವಾಗಿ ಅರ್ಥವಾಗುತ್ತವೆ. ತಾಮ್ರದ ಅಯಾನಿನ ಸುತ್ತ ಆರು ಆಮ್ಲಜನಕಗಳು ಕೂರುತ್ತವೆ. ನಾಲ್ಕು ಹತ್ತಿರ, ಎರಡು ದೂರ. ಇಂಥ ಓರೆಯಾದ ಅಷ್ಟಮುಖಗಳು ಅಂಚಿಗೆ ಅಂಚು ಸೇರಿಸಿಕೊಂಡು ಹಾಳೆಗಳಾಗುತ್ತವೆ. ಹಾಳೆಯ ಒಂದು ಬದಿಗೆ ಸಲ್ಫೇಟುಗಳು ಅಂಟಿಕೊಂಡಿರುತ್ತವೆ. ಒಂದು ಹಾಳೆಗೂ ಇನ್ನೊಂದಕ್ಕೂ ನಡುವೆ ನೀರಿನ ಅಣುಗಳಿದ್ದು, ದುರ್ಬಲವಾದ ಹೈಡ್ರೋಜನ್ ಬಂಧಗಳಿಂದ ಎರಡನ್ನೂ ಹಿಡಿದಿಟ್ಟಿರುತ್ತವೆ. ಬ್ರೊಶಾಂಟೈಟ್‌ನಲ್ಲಿ ಈ ನೀರಿಲ್ಲ, ಜೋಡಣೆ ಬಿಗಿ. ಆದ್ದರಿಂದಲೇ ವಜ್ರಕ್ಕೆ 10 ಕೊಡುವ ಮೋಸ್ ಮಾಪಕದಲ್ಲಿ ಅದರ ಗಡಸುತನ 3.5ರಿಂದ 4, ಸಾಂದ್ರತೆ 4ರ ಹತ್ತಿರ. ಲ್ಯಾಂಗೈಟ್‌ನ ಗಡಸುತನ 2.5ರಿಂದ 3, ಸಾಂದ್ರತೆ ಸುಮಾರು 3.3. ತಾಮ್ರದ ಪಾಲೂ ಶೇ 52ಕ್ಕೆ ಇಳಿಯುತ್ತದೆ. ಬಣ್ಣ ಬ್ರೊಶಾಂಟೈಟ್‌ನಲ್ಲಿ ಪಚ್ಚೆ ಹಸಿರಿನತ್ತ, ಲ್ಯಾಂಗೈಟ್‌ನಲ್ಲಿ ನೀಲಿಯತ್ತ. ಲ್ಯಾಂಗೈಟ್‌ನ ಹರಳುಗಳು ಒಂದಕ್ಕೊಂದು ಅವಳಿಗಳಾಗಿ ಬೆಳೆಯುವುದು ಸಾಮಾನ್ಯ. ಭೂತಗನ್ನಡಿಯಲ್ಲಿ ಈ ಅವಳಿಗಳನ್ನು ನೋಡಿದವರು ಆ ಸೊಗಸನ್ನು ಮರೆಯುವುದಿಲ್ಲ.

ಇದು ಅಪರೂಪವಾಗಿರಲು ಕಾರಣ ತಾಮ್ರದ ಕೊರತೆಯಲ್ಲ. ಲ್ಯಾಂಗೈಟ್, ಪೋಸ್ನ್ಯಾಕೈಟ್‌ಗಳು ಅರೆಸ್ಥಿರ. ದ್ರಾವಣದಿಂದ ಬೇಗ ಹೊರಬೀಳುವವು ಅವು. ಆದರೆ ಕೊನೆಯವರೆಗೆ ನಿಲ್ಲುವುದು ಬ್ರೊಶಾಂಟೈಟ್. ಕಾಲ ಕಳೆದಂತೆ ಮೊದಲಿನವು ನೀರನ್ನು ಬಿಟ್ಟು, ಜೋಡಣೆ ಬದಲಿಸಿಕೊಂಡು ಬ್ರೊಶಾಂಟೈಟ್ ಆಗುತ್ತವೆ. ಊರಿನ ಗಾಳಿಗೆ ಒಡ್ಡಿದ ತಾಮ್ರದ ಚಾವಣಿಗಳ ಮೇಲೂ ಹೀಗೆಯೇ: ಶುರುವಿನಲ್ಲಿ ಪೋಸ್ನ್ಯಾಕೈಟ್ ಕಾಣಿಸಿಕೊಳ್ಳುತ್ತದೆ, ವರ್ಷಗಳ ನಂತರ ಬ್ರೊಶಾಂಟೈಟ್ ನೆಲೆಯೂರುತ್ತದೆ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ 1886ರಲ್ಲಿ ನಿಂತಾಗ ತಾಮ್ರದ ಬಣ್ಣದ್ದೇ ಆಗಿತ್ತು. ಸುಮಾರು 2.4 ಮಿಲಿಮೀಟರ್ ದಪ್ಪದ ಆ ತಗಡಿನ ಮೇಲಿನ ಇಂದಿನ ಹಸಿರು ಮುಖ್ಯವಾಗಿ ಬ್ರೊಶಾಂಟೈಟ್. ಜೊತೆಗೆ ಆ್ಯಂಟ್ಲರೈಟ್ ಮತ್ತು ಕಡಲ ಉಪ್ಪಿನಿಂದಾದ ಅಟಕಮೈಟ್. ಹಾಗಾಗಿ ಲ್ಯಾಂಗೈಟ್ ಸಿಕ್ಕರೆ, ಆ ಜಾಗದ ರಾಸಾಯನಿಕ ಕ್ರಿಯೆ ಇನ್ನೂ ಹೊಸದು, ಇನ್ನೂ ನಡೆಯುತ್ತಿದೆ ಎಂದು ಅನುಮಾನಿಸಲು ಆಧಾರ ಸಿಕ್ಕಂತೆ. ಹಳೆಯ ಗಣಿಗಳ ಒದ್ದೆ ಗೋಡೆಗಳ ಮೇಲೆ, ಗಣಿಗಾರಿಕೆ ನಿಂತ ನಂತರ ಬೆಳೆದ ಪದರಗಳಲ್ಲಿ ಅದು ಹೆಚ್ಚಾಗಿ ಸಿಗುವುದು ಇದಕ್ಕಾಗಿಯೇ.

ಇದೇ ಕ್ರಿಯೆಯನ್ನು ನೋಡಲು ಗಣಿಗೆ ಇಳಿಯಬೇಕಾಗಿಲ್ಲ. ತಿಪಟೂರಿನ ತೆಂಗಿನ ತೋಟದಲ್ಲಿ ಸುಳಿ ಕೊಳೆ ರೋಗಕ್ಕೆ, ಶಿರಾದ ದಾಳಿಂಬೆ ತೋಟದಲ್ಲಿ ಸವರಿದ ಕೊಂಬೆಗಳಿಗೆ ಬೋರ್ಡೋ ದ್ರಾವಣ ಮಾಡುವವರ ಪಕ್ಕ ನಿಂತರೆ ಸಾಕು. ಶೇ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸುತ್ತಾರೆ. ಮೈಲುತುತ್ತದ ನೀರು ತಿಳಿಯಾದ ನೀಲಿ, ಸ್ವಭಾವದಲ್ಲಿ ಆಮ್ಲೀಯ. ಅದನ್ನು ಸುಣ್ಣದ ಹಾಲಿಗೆ ಸುರಿದು ಕೋಲಿನಿಂದ ತಿರುವುತ್ತಿದ್ದಂತೆ ತಿಳಿಯಾಗಿದ್ದದ್ದು ಮಂಕಾಗಿ, ತೆಳು ನೀಲಿಯ ನುಣುಪಾದ ಕೆಸರು ತುಂಬಿಕೊಳ್ಳುತ್ತದೆ. ಆ ಕೆಸರಿನಲ್ಲಿ ಜಿಪ್ಸಂ ಇರುತ್ತದೆ. ತಾಮ್ರದ ಪಾಲು ಬಹುಮಟ್ಟಿಗೆ ಪ್ರತ್ಯಾಮ್ಲೀಯ, ಅಂದರೆ ಹೈಡ್ರಾಕ್ಸಿಲ್ ಸೇರಿದ ಸಲ್ಫೇಟಿನದು, ಬ್ರೊಶಾಂಟೈಟ್‌ನ ಸಂಯೋಜನೆಯದೇ. ಸುಣ್ಣ ಹೆಚ್ಚಾದಷ್ಟೂ ತಾಮ್ರದ ಹೈಡ್ರಾಕ್ಸೈಡ್ ಕಡೆಗೆ ವಾಲುತ್ತದೆ. ರೈತರು ಕಬ್ಬಿಣದ ಚಾಕುವನ್ನು ಅದ್ದಿ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೆರೆಸುತ್ತಾರೆ. ಕರಗಿದ ತಾಮ್ರ ಇನ್ನೂ ಉಳಿದಿದೆ, ಎಲೆ ಸುಡುತ್ತದೆ ಎಂದು ಆ ಕೆಂಪು ಹೇಳುತ್ತದೆ. ತಾಮ್ರದ ನೀರಿನ ಹುಳಿ ಇಳಿಸುವ ಕೆಲಸವನ್ನು ಗಣಿಯಲ್ಲಿ ಬಂಡೆ ವರ್ಷಗಟ್ಟಲೆ ಮಾಡುತ್ತದೆ, ಡ್ರಮ್ಮಿನಲ್ಲಿ ಸುಣ್ಣ ನಿಮಿಷಗಳಲ್ಲಿ ಮಾಡುತ್ತದೆ.

ಆದರೂ ಡ್ರಮ್ಮಿನಲ್ಲಿ ಹುಟ್ಟಿದ್ದು ಖನಿಜವೆನಿಸಿಕೊಳ್ಳುವುದಿಲ್ಲ. ಮನುಷ್ಯ ತಯಾರಿಸಿದ ವಸ್ತುವಿಗೆ ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘ ಖನಿಜದ ಸ್ಥಾನ ಕೊಡುವುದಿಲ್ಲ. ಗಣಿಯ ಸುರಂಗ ಕೊರೆದದ್ದು ಮನುಷ್ಯನೇ ಆದರೂ, ಅದರ ಗೋಡೆಯ ಅದಿರಿಗೆ ಗಾಳಿ-ನೀರು ತಾಗಿ ತಾನಾಗಿ ಬೆಳೆದ ಲ್ಯಾಂಗೈಟ್ ಖನಿಜವೇ. ಈ ಗೆರೆ ನನಗೆ ಸರಿಯೆನಿಸುತ್ತದೆ. ಇದರಿಂದ ಒಂದು ಉಪಯೋಗವೂ ಇದೆ. ಹರಳುಗಳ ಮಾರುಕಟ್ಟೆಯಲ್ಲಿ "ನೈಸರ್ಗಿಕ ಚಾಲ್ಕಾಂಥೈಟ್" ಎಂದು ಮಾರುವ ದೊಡ್ಡ, ಕಡುನೀಲಿ ಹರಳುಗಳಲ್ಲಿ ಬಹಳಷ್ಟು ಬಾಟಲಿಯಲ್ಲಿ ಬೆಳೆಸಿದವು. ಮೈಲುತುತ್ತದ ದ್ರಾವಣದಲ್ಲಿ ಕಲ್ಲೊಂದನ್ನು ಇಟ್ಟರೆ ಯಾರು ಬೇಕಾದರೂ ಅವನ್ನು ಬೆಳೆಸಬಹುದು. ಅಂಥದ್ದಕ್ಕೆ ದುಡ್ಡು ಕೊಡಬೇಡಿ.

ಮೇಜಿನ ಮೇಲೆ ಪರೀಕ್ಷೆ ನಡೆಯುವ ಬಗೆಯನ್ನು ಒಂದು ಮಾದರಿಯ ಮೂಲಕ ಹೇಳುತ್ತೇನೆ. ಶಿರಾದ ವಿದ್ಯಾರ್ಥಿನಿಯೊಬ್ಬಳು ಹಳೆಯ ತಾಮ್ರದ ಗಣಿಯ ಕಲ್ಲುರಾಶಿಯಿಂದ ಆರಿಸಿದ ಮುಷ್ಟಿಗಾತ್ರದ ಕಲ್ಲು. ತುಕ್ಕಿನ ಹೊದಿಕೆ, ಒಡೆದ ಕಡೆ ಚಾಲ್ಕೋಪೈರೈಟ್‌ನ ಹಳದಿ ಚುಕ್ಕೆಗಳು, ಒಂದು ಬಿರುಕಿನಲ್ಲಿ ಉಗುರಿಗಿಂತ ತೆಳುವಾದ ನೀಲಿ-ಹಸಿರು ಪದರ. ಸೂಜಿಯ ಮೊನೆಯಿಂದ ಪದರದ ಚೂರನ್ನಷ್ಟೇ ಬಿಡಿಸಿಕೊಂಡೆವು. ಕಲ್ಲಿನಲ್ಲಿ ಕ್ಯಾಲ್ಸೈಟ್ ಇದ್ದರೆ ಅದರ ನೊರೆಯೇ ದಾರಿ ತಪ್ಪಿಸುತ್ತದೆ, ಆದ್ದರಿಂದ ಈ ಎಚ್ಚರ ಬೇಕು. ಗಾಜಿನ ಮೇಲೆ ಒಂದು ಹನಿ ನೀರು: ಚೂರು ಕರಗಲಿಲ್ಲ, ಹಾಗಾದರೆ ಚಾಲ್ಕಾಂಥೈಟ್ ಅಲ್ಲ. ಇನ್ನೊಂದು ಚೂರಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲ: ಒಂದೂ ಗುಳ್ಳೆ ಏಳದೆ ಕರಗಿ ಹನಿ ಹಸಿರಾಯಿತು, ಹಾಗಾದರೆ ಮ್ಯಾಲಕೈಟ್ ಅಲ್ಲ. ಆ ಹನಿಯಲ್ಲಿ ಇಟ್ಟ ಕಬ್ಬಿಣದ ಮೊಳೆಯ ತುದಿಗೆ ಕೆಂಪು ತಾಮ್ರ ಹತ್ತಿತು. ಸಾಂಗ್ ರಾಜವಂಶದ ಕಾಲದ ಚೀನೀಯರು ಗಣಿಯ ನೀರಿನಿಂದ ತಾಮ್ರ ತೆಗೆಯುತ್ತಿದ್ದದ್ದು ಇದೇ ಕ್ರಿಯೆಯಿಂದ. ಬೇರೊಂದು ಹನಿಗೆ ಬೇರಿಯಂ ಕ್ಲೋರೈಡ್ ಹಾಕಿದಾಗ ಬಿಳಿ ಗಸಿ ಕುಳಿತು, ಸಲ್ಫೇಟ್ ಇರುವುದು ಖಚಿತವಾಯಿತು.

ಇಷ್ಟಾದ ಮೇಲೆ ಆಕೆ ಕೇಳಿದಳು: "ಸರ್, ಇದು ಲ್ಯಾಂಗೈಟೋ ಬ್ರೊಶಾಂಟೈಟೋ?" ಹನಿಗಳು ಇದಕ್ಕೆ ಉತ್ತರ ಕೊಡಲಾರವು. ಕಾಯಿಸಿ ನೋಡಿದರೂ ಪ್ರಯೋಜನವಿಲ್ಲ. ಹೈಡ್ರಾಕ್ಸಿಲ್ ಕೂಡ ಬಿಸಿಯಲ್ಲಿ ನೀರಾಗಿಯೇ ಹೊರಬರುತ್ತದೆ. ಇಲ್ಲಿ ಎಕ್ಸ್-ರೇ ವಿವರ್ತನೆಯೇ ಬೇಕು, ಅಂದರೆ ಹರಳಿನ ಮೇಲೆ ಎಕ್ಸ್-ರೇ ಹಾಯಿಸಿ ಅದು ಚದುರುವ ಬಗೆಯಿಂದ ಒಳಜೋಡಣೆಯನ್ನು ಅಳೆಯುವ ವಿಧಾನ. ಬ್ರೊಶಾಂಟೈಟ್‌ನಲ್ಲಿ ಪರಮಾಣು ಪದರಗಳ ನಡುವಿನ ಪ್ರಮುಖ ಅಂತರ ಸುಮಾರು 6.4 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ), ಪೋಸ್ನ್ಯಾಕೈಟ್‌ನಲ್ಲಿ ಸುಮಾರು 6.9, ಲ್ಯಾಂಗೈಟ್‌ನಲ್ಲಿ ಸುಮಾರು 7.1. ಅಲ್ಲಿಯವರೆಗೆ ಚೀಟಿಯ ಮೇಲೆ "ತಾಮ್ರದ ಪ್ರತ್ಯಾಮ್ಲೀಯ ಸಲ್ಫೇಟ್, ಎಕ್ಸ್-ರೇ ಬಾಕಿ" ಎಂದೇ ಬರೆಸಿದೆ. ಆಧಾರ ಎಲ್ಲಿಯವರೆಗೆ ಇದೆಯೋ ಹೆಸರೂ ಅಲ್ಲಿಯವರೆಗೇ ಇರಬೇಕು. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಇಂಥ ಕಲ್ಲು ಸಿಕ್ಕವರಿಗೆ ಕೆಲವು ಮಾತು. ಹೊಳಪು ಬರಲೆಂದು ಹುಣಸೆಹಣ್ಣು, ನಿಂಬೆಹುಳಿ ಹಾಕಿ ಉಜ್ಜಬೇಡಿ. ತಾಮ್ರದ ಕೊಡದ ಕಿಲುಬನ್ನು ತೆಗೆಯುವ ಹುಳಿ ಈ ಪದರವನ್ನೂ ತೆಗೆದುಬಿಡುತ್ತದೆ. ನಲ್ಲಿಯ ಕೆಳಗೆ ತೊಳೆದರೆ ಕರಗುವ ಸಲ್ಫೇಟುಗಳು ಹರಿದುಹೋಗುತ್ತವೆ, ಮುಂದೆ ಯಾವ ಪ್ರಯೋಗಾಲಯವೂ ಅವುಗಳ ಸುಳಿವು ಹಿಡಿಯಲಾರದು. ರುಚಿ ನೋಡಲೇಬಾರದು, ತಾಮ್ರದ ಲವಣಗಳು ವಿಷ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಹಳೆಯ ಸುರಂಗಗಳೊಳಗೆ ಖಂಡಿತ ಹೋಗಬೇಡಿ, ಹೊರಗಿನ ರಾಶಿಯಲ್ಲಿಯೂ ಅನುಮತಿ ಪಡೆದೇ ಆರಿಸಿ. ಕಲ್ಲನ್ನು ಒಣ ಕಾಗದದಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಡಿ. ಚೀಟಿಯಲ್ಲಿ ದಿನಾಂಕದ ಜೊತೆಗೆ ಅದು ಸಿಕ್ಕ ಜಾಗ ಒದ್ದೆಯಿತ್ತೇ ಒಣಗಿತ್ತೇ, ಪದರ ಬಿರುಕಿನ ಒಳಗಿತ್ತೇ ಹೊರಮೈಯಲ್ಲಿತ್ತೇ, ಪಕ್ಕದಲ್ಲಿ ಸುಣ್ಣಕಲ್ಲು ಅಥವಾ ಗಾರೆ ಇತ್ತೇ ಎಂಬುದನ್ನೂ ಬರೆಯಿರಿ. ಎಕ್ಸ್-ರೇಗೆ ಕಳುಹಿಸುವಾಗ ಪುಡಿಯನ್ನು ಬಲವಾಗಿ ಅರೆಯಬೇಡಿ, ಬಿಸಿಲಿನಲ್ಲಿ ಅಥವಾ ಒಲೆಯ ಮೇಲೆ ಒಣಗಿಸಬೇಡಿ, ಸಿಕ್ಕ ಪದರದಲ್ಲಿ ಅರ್ಧವನ್ನು ನಿಮ್ಮ ಬಳಿಯೇ ಉಳಿಸಿಕೊಳ್ಳಿ.