ಇಂದಿನ ಡ್ರೂಯಿಡರು ಹಳೆಯ ಡ್ರೂಯಿಡರ ವಾರಸುದಾರರಾ?

ಪ್ರಶ್ನೆ: ಜೂನ್ ತಿಂಗಳು ಬಂದರೆ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುಗಳ ನಡುವೆ ಬಿಳಿ ನಿಲುವಂಗಿ ತೊಟ್ಟವರು ಸೂರ್ಯೋದಯಕ್ಕೆ ಕಾದು ನಿಂತ ಫೋಟೊಗಳು ಬರುತ್ತವೆ. ಅವರನ್ನು ಡ್ರೂಯಿಡರು ಅನ್ನುತ್ತಾರೆ. ಕ್ರೈಸ್ತ ಧರ್ಮ ಬರುವ ಮೊದಲು ಅಲ್ಲಿದ್ದ ಕೆಲ್ಟಿಕ್ ಪುರೋಹಿತರ ಪರಂಪರೆಯೇ ಗುಟ್ಟಾಗಿ ಉಳಿದು ಬಂದಿದೆಯಾ? ನಮ್ಮ ವೇದಗಳಿಗೂ ಅವರಿಗೂ ನಂಟು ಇದೆ ಅಂತಾರಲ್ಲ, ಅದು ನಿಜವಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಇಲ್ಲ. ಗುರುವಿನಿಂದ ಶಿಷ್ಯನಿಗೆ ದಾಟುತ್ತಾ ಬಂದ ಪರಂಪರೆ ಅದಲ್ಲ. ಆ ಕೊಂಡಿ ಯಾವತ್ತೋ ಕಳಚಿತು. ಈಗ ಕಾಣುವ ಡ್ರೂಯಿಡ್ ಪದ್ಧತಿಗೆ ಸುಮಾರು 250 ವರ್ಷದ ಚರಿತ್ರೆ ಇದೆ, ಅಷ್ಟೇ. ಹಾಗಂತ ಹಳೆಯದೆಲ್ಲ ಅಳಿಸಿಹೋಯಿತು ಅಂದರೂ ತಪ್ಪು. ಉಳಿದದ್ದು ಇದೆ. ಆದರೆ ನಾವು ಹುಡುಕುವ ಜಾಗದಲ್ಲಿ ಇಲ್ಲ.

ಮೊದಲು ಹಳೆಯ ಡ್ರೂಯಿಡರ ಮಾತು. ಅವರ ಬಗ್ಗೆ ಹೆಚ್ಚು ವಿವರ ಕೊಟ್ಟವನು ರೋಮನ್ ಸೇನಾಪತಿ ಜೂಲಿಯಸ್ ಸೀಸರ್. ಈಗಿನ ಫ್ರಾನ್ಸ್, ಅಂದರೆ ಆಗಿನ ಗಾಲ್ ದೇಶವನ್ನು ಗೆಲ್ಲುತ್ತಾ ಕ್ರಿ.ಪೂ. 50ರ ಆಸುಪಾಸಿನಲ್ಲಿ ಅವನು ಬರೆದ. ಡ್ರೂಯಿಡರು ಪೂಜೆ, ಬಲಿಗಳನ್ನು ನೋಡಿಕೊಳ್ಳುತ್ತಿದ್ದರು. ಜಗಳಗಳಿಗೆ ನ್ಯಾಯ ಹೇಳುತ್ತಿದ್ದರು. ನಕ್ಷತ್ರಗಳ ಚಲನೆ ಕಲಿಸುತ್ತಿದ್ದರು. ಸತ್ತ ಮೇಲೆ ಆತ್ಮ ಇನ್ನೊಂದು ದೇಹಕ್ಕೆ ಹೋಗುತ್ತದೆ ಅನ್ನುತ್ತಿದ್ದರು. ಸೀಸರ್ ಶತ್ರು ಪಕ್ಷದವನು. ಮನುಷ್ಯರನ್ನು ಬುಟ್ಟಿಯಂತೆ ಹೆಣೆದ ದೊಡ್ಡ ಆಕೃತಿಯೊಳಗೆ ಹಾಕಿ ಸುಡುತ್ತಿದ್ದರು ಅಂತಲೂ ಬರೆದಿದ್ದಾನೆ. ಗೆಲ್ಲಲು ಬಂದವನು ಸೋತವರ ಬಗ್ಗೆ ಹೇಳಿದ ಮಾತನ್ನು ಸ್ವಲ್ಪ ಹುಷಾರಾಗಿಯೇ ಓದಬೇಕು ಅಲ್ವಾ?

ಅವನ ಬರಹದಲ್ಲಿ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಇನ್ನೊಂದು ಮಾತು. ಡ್ರೂಯಿಡ್ ಆಗಲು ಕೆಲವರು 20 ವರ್ಷ ಕಲಿಯುತ್ತಿದ್ದರಂತೆ. ಎಲ್ಲವೂ ಪದ್ಯ, ಎಲ್ಲವೂ ಬಾಯಿಪಾಠ. ಅಕ್ಷರ ಬರುತ್ತಿರಲಿಲ್ಲ ಅಂತಲ್ಲ. ಲೆಕ್ಕಪತ್ರಕ್ಕೆ ಗ್ರೀಕ್ ಲಿಪಿ ಬಳಸುತ್ತಿದ್ದರು. ಧರ್ಮದ ವಿಷಯವನ್ನು ಮಾತ್ರ ಬರೆಯುತ್ತಿರಲಿಲ್ಲ. ಅದು ಕಂಡಕಂಡವರ ಕೈಗೆ ಸಿಗಬಾರದು, ಬರೆದಿಟ್ಟರೆ ಶಿಷ್ಯರ ನೆನಪಿನ ಶಕ್ತಿ ಕುಗ್ಗುತ್ತದೆ, ಇವೆರಡೂ ಕಾರಣ ಇರಬೇಕು ಅಂತ ಸೀಸರ್ ಊಹಿಸುತ್ತಾನೆ.

ನಮಗೆ ಇದು ಹೊಸದಲ್ಲ. ವೇದ ಉಳಿದದ್ದೂ ಹೀಗೇ. ಘನಪಾಠ ಹೇಳಬಲ್ಲವರು ಇವತ್ತಿಗೂ ಕರ್ನಾಟಕದಲ್ಲಿ ಇದ್ದಾರೆ. ನೀಲಗಾರರು ಮಂಟೇಸ್ವಾಮಿಯ ಕಥೆ ಹಾಡುವುದು, ಕಂಸಾಳೆಯವರು ಮಾದಪ್ಪನ ಕಥೆ ಹಾಡುವುದು ನೆನಪಿನಿಂದಲೇ. ಬಾಯಿಪಾಠಕ್ಕೆ ಮಳೆ ಗೆದ್ದಲಿನ ಭಯ ಇಲ್ಲ. ಕಲಿಸುವವರು ಇಲ್ಲವಾದರೆ ಮಾತ್ರ ಅದು ಮುಗಿದಂತೆ.

ಡ್ರೂಯಿಡರಿಗೆ ಆದದ್ದು ಅದೇ. ರೋಮನ್ ಚಕ್ರವರ್ತಿಗಳು ಗಾಲ್‌ನಲ್ಲಿ ಅವರನ್ನು ಹತ್ತಿಕ್ಕಿದರು. ಬ್ರಿಟನ್ನಿನಲ್ಲಿ ಕ್ರಿ.ಶ. 60 ಅಥವಾ 61ರಲ್ಲಿ ರೋಮನ್ ಸೈನ್ಯ ಮೋನಾ ದ್ವೀಪಕ್ಕೆ ನುಗ್ಗಿತು. ಅದು ಈಗ ವೇಲ್ಸ್‌ಗೆ ಸೇರಿದ ಆಂಗಲ್ಸಿ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಆ ದಿನವನ್ನು ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದಾನೆ. ದಡದಲ್ಲಿ ಕಪ್ಪು ಬಟ್ಟೆಯ ಹೆಂಗಸರು ಪಂಜು ಹಿಡಿದು ಓಡಾಡುತ್ತಿದ್ದರು. ಡ್ರೂಯಿಡರು ಆಕಾಶಕ್ಕೆ ಕೈ ಎತ್ತಿ ಶಾಪ ಹಾಕುತ್ತಿದ್ದರು. ಸೈನಿಕರು ಒಂದು ಗಳಿಗೆ ಮರಗಟ್ಟಿ ನಿಂತುಬಿಟ್ಟರು. ಆಮೇಲೆ ಮುನ್ನುಗ್ಗಿದರು. ದೇವರಕಾಡುಗಳನ್ನು ಕಡಿದು ಹಾಕಿದರು.

ಆ ದ್ವೀಪದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಅಲ್ಲಿ ವಿಮಾನ ನಿಲ್ದಾಣ ಕಟ್ಟುತ್ತಿದ್ದರು. ನೆಲಕ್ಕೆ ಹಾಸಲು ಒಂದು ಸಣ್ಣ ಕೆರೆಯ ಜೌಗಿನಿಂದ ಕೆಸರು ಎತ್ತುತ್ತಿದ್ದರು. ಕೆರೆಯ ಹೆಸರು ಸ್ಲಿನ್ ಕೆರಿಗ್ ಬಾಖ್. ಕೆಸರಿನಲ್ಲಿ ಒಂದು ಕಬ್ಬಿಣದ ಸರಪಳಿ ಸಿಕ್ಕಿತು. ಗಟ್ಟಿಯಾಗಿದೆ ಅಂತ ಟ್ರ್ಯಾಕ್ಟರಿಗೆ ಕಟ್ಟಿ, ಹೂತುಹೋದ ಲಾರಿಗಳನ್ನು ಅದರಿಂದಲೇ ಎಳೆದರು. ಅದು ಸುಮಾರು 2000 ವರ್ಷ ಹಳೆಯದು. ಗುಲಾಮರ ಕೊರಳಿಗೆ ಹಾಕಿ ಸಾಲಾಗಿ ನಡೆಸುತ್ತಿದ್ದ ಸರಪಳಿ! ಅದರ ಜೊತೆಗೆ ಕತ್ತಿ, ಭರ್ಜಿ, ರಥದ ಭಾಗಗಳು, ಕೊಪ್ಪರಿಗೆ, ಪ್ರಾಣಿಗಳ ಎಲುಬು ಎಲ್ಲಾ ಸಿಕ್ಕವು. 150ಕ್ಕೂ ಹೆಚ್ಚು ವಸ್ತುಗಳು. ಕೆಲವನ್ನು ಬೇಕಂತಲೇ ಬಗ್ಗಿಸಿ, ಮತ್ತೆ ಬಳಸಲು ಆಗದ ಹಾಗೆ ಮಾಡಿ ನೀರಿಗೆ ಹಾಕಿದ್ದರು. ನೀರಿಗೆ ಒಪ್ಪಿಸಿದ ಕಾಣಿಕೆ ಅದು. ಡ್ರೂಯಿಡರು ಏನು ಹಾಡುತ್ತಿದ್ದರೋ ಆ ಪದ್ಯ ಹೋಯಿತು. ಕೆರೆಗೆ ಹಾಕಿದ್ದು ಮಾತ್ರ ಕೆಸರಿನಲ್ಲಿ ಹಾಗೇ ಇತ್ತು.

ಈಗ ವೇದದ ನಂಟಿನ ವಿಷಯಕ್ಕೆ ಬರೋಣ. ಪೂರ್ವ ಫ್ರಾನ್ಸಿನ ಕೊಲಿನ್ಯಿ ಎಂಬ ಊರಿನ ಹೊಲದಲ್ಲಿ 1897ರಲ್ಲಿ ಕಂಚಿನ ಫಲಕದ ಚೂರುಗಳು ಸಿಕ್ಕವು. ಜೋಡಿಸಿ ನೋಡಿದರೆ ಅದು ಪಂಚಾಂಗ. ಅಕ್ಷರ ರೋಮನ್ನರದ್ದು, ಭಾಷೆ ಗಾಲ್‌ನವರದ್ದು. ಒಂದೊಂದು ದಿನಕ್ಕೂ ಒಂದು ಸಣ್ಣ ತೂತು. ಅದರಲ್ಲಿ ಕಡ್ಡಿ ಸಿಕ್ಕಿಸಿ, ದಿನ ಕಳೆದ ಹಾಗೆ ಮುಂದೆ ಸರಿಸುತ್ತಿದ್ದರು. ತಿಂಗಳನ್ನು ಎರಡು ಭಾಗ ಮಾಡಿದ್ದಾರೆ, ನಮ್ಮ ಎರಡು ಪಕ್ಷಗಳ ಹಾಗೆ. 30 ದಿನದ ತಿಂಗಳ ಪಕ್ಕದಲ್ಲಿ ಸಾಮಾನ್ಯವಾಗಿ ಒಳ್ಳೆಯದು ಎಂಬ ಗುರುತು ಇದೆ. 29 ದಿನದ ತಿಂಗಳಿಗೆ ಒಳ್ಳೆಯದಲ್ಲ ಎಂಬ ಗುರುತು. ಐದು ವರ್ಷಕ್ಕೆ ಒಟ್ಟು 62 ತಿಂಗಳು. ಅಂದರೆ ಐದು ವರ್ಷದಲ್ಲಿ ಎರಡು ಅಧಿಕ ಮಾಸ.

ನಮ್ಮ ವೇದಾಂಗ ಜ್ಯೋತಿಷದಲ್ಲೂ ಒಂದು ಯುಗ ಅಂದರೆ ಐದು ವರ್ಷ, 62 ಚಾಂದ್ರ ಮಾಸ. ಇದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಗಿತ್ತು. ಆದರೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ಒಂದು ಸೌರ ವರ್ಷದಲ್ಲಿ 12.37ರಷ್ಟು ಚಾಂದ್ರ ಮಾಸ ಬರುತ್ತವೆ. ಐದು ವರ್ಷಕ್ಕೆ ಸುಮಾರು 61.84. ಚಂದ್ರನನ್ನೂ ಸೂರ್ಯನನ್ನೂ ಒಟ್ಟಿಗೆ ಹಿಡಿಯಲು ಹೊರಟ ಯಾರೇ ಆದರೂ ಐದು ವರ್ಷದ ಲೆಕ್ಕದಲ್ಲಿ 62ಕ್ಕೇ ಬಂದು ನಿಲ್ಲುತ್ತಾರೆ. ಆಕಾಶ ಎಲ್ಲರಿಗೂ ಒಂದೇ ತಾನೆ?

ಭಾಷೆಯ ನಂಟು ಮಾತ್ರ ನಿಜವಾದದ್ದು. ಗಾಲ್‌ನವರ ನುಡಿ, ಐರಿಷ್, ವೆಲ್ಷ್ ಇವೆಲ್ಲ ಸೇರಿದ ಕೆಲ್ಟಿಕ್ ಭಾಷೆಗಳೂ ಸಂಸ್ಕೃತವೂ ಒಂದೇ ದೊಡ್ಡ ಕುಟುಂಬದವು. ಡ್ರೂಯಿಡ್ ಪದದ ಕೊನೆಯಲ್ಲಿ ಇರುವುದು ‘ವಿದ್’, ಅಂದರೆ ತಿಳಿ. ವೇದ, ವಿದ್ಯೆ ಬಂದದ್ದೂ ಅದೇ ಬೇರಿನಿಂದ. ಮೊದಲ ಭಾಗವನ್ನು ನಮ್ಮ ‘ದಾರು’ ಪದದ ಜೊತೆ ಹೋಲಿಸುತ್ತಾರೆ. ಮರವನ್ನು ಬಲ್ಲವನು ಅಂತಲೋ, ಗಟ್ಟಿಯಾಗಿ ಬಲ್ಲವನು ಅಂತಲೋ ಅರ್ಥ. ದೂರದ ದಾಯಾದಿಗಳು ಅನ್ನಿ. ಆದರೆ ದಾಯಾದಿ ಅಂದ ಮಾತ್ರಕ್ಕೆ ಒಬ್ಬರು ಇನ್ನೊಬ್ಬರಿಂದ ಕಲಿತರು ಅಂತ ಆಗುವುದಿಲ್ಲ. ಡ್ರೂಯಿಡರು ಇಲ್ಲಿಂದ ಹೋದ ಬ್ರಾಹ್ಮಣರು ಅನ್ನುವ ಮಾತಿಗೆ ಆಧಾರ ಇಲ್ಲ.

ಸ್ಟೋನ್‌ಹೆಂಜ್ ಬಗ್ಗೆ ಎರಡೇ ಮಾತು ಸಾಕು. ಅಲ್ಲಿನ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ್ದು ಕ್ರಿ.ಪೂ. 2500ರ ಸುಮಾರಿಗೆ. ಡ್ರೂಯಿಡರ ಹೆಸರು ಬರಹದಲ್ಲಿ ಕಾಣುವುದಕ್ಕೂ 2000ಕ್ಕಿಂತ ಹೆಚ್ಚು ವರ್ಷ ಮೊದಲು. ಅದನ್ನು ಡ್ರೂಯಿಡರ ಗುಡಿ ಎಂದು ಊಹಿಸಿದವನು 17ನೇ ಶತಮಾನದ ಜಾನ್ ಆಬ್ರಿ. 1740ರಲ್ಲಿ ವಿಲಿಯಂ ಸ್ಟ್ಯೂಕ್ಲಿ ಪುಸ್ತಕ ಬರೆದು ಆ ಊಹೆಯನ್ನು ಮನೆಮಾತು ಮಾಡಿದ.

ಹಾಗಾದರೆ ಇಂದಿನ ಡ್ರೂಯಿಡರು ಎಲ್ಲಿಂದ ಬಂದರು? 1781ರಲ್ಲಿ ಲಂಡನ್ನಿನಲ್ಲಿ ಡ್ರೂಯಿಡರ ಹೆಸರಿನ ಒಂದು ಸಂಘ ಹುಟ್ಟಿತು. ಅದು ಗೆಳೆಯರ ಕೂಟ, ಧರ್ಮ ಅಲ್ಲ. ವಿನ್‌ಸ್ಟನ್ ಚರ್ಚಿಲ್ ಕೂಡ 1908ರಲ್ಲಿ ಅದರ ಸದಸ್ಯರಾದರು. ಆದರೆ ಇವತ್ತಿನ ಆಚರಣೆಗೆ ಮಾತು, ವೃತ್ತ, ಪ್ರಾರ್ಥನೆ ಕೊಟ್ಟವನು ಬೇರೆ. ಅವನು ವೇಲ್ಸಿನ ಒಬ್ಬ ಕಲ್ಲುಕುಟಿಗ.

ಹೆಸರು ಎಡ್ವರ್ಡ್ ವಿಲಿಯಮ್ಸ್, ಹುಟ್ಟಿದ್ದು 1747ರಲ್ಲಿ. ತಾನೇ ಇಟ್ಟುಕೊಂಡ ಕಾವ್ಯನಾಮ ಯೊಲೊ ಮೊರ್ಗಾನುಗ್. ವೇಲ್ಸಿನ ನುಡಿಯಾದ ವೆಲ್ಷ್‌ನ ಕಾವ್ಯವನ್ನು ಅರೆದು ಕುಡಿದವನು. ಹಳೆಯ ಹಸ್ತಪ್ರತಿಗಳಿಗಾಗಿ ಊರೂರು ಅಲೆದವನು. ಅಫೀಮಿನ ಔಷಧಿಗೆ ಒಗ್ಗಿಹೋದವನು. ಇಂಗ್ಲಿಷಿನ ಎದುರು ತನ್ನ ಭಾಷೆಯನ್ನು ಯಾರೂ ಲೆಕ್ಕಕ್ಕೇ ಇಡುತ್ತಿಲ್ಲ ಎಂಬ ನೋವು ಅವನಿಗಿತ್ತು. ಅದಕ್ಕೆ ಒಂದು ಕೆಲಸ ಮಾಡಿದ. ತಾನೇ ಪದ್ಯ ಬರೆದು ಮಧ್ಯಯುಗದ ದೊಡ್ಡ ಕವಿ ದಾವಿಥ್ ಆಪ್ ಗ್ವಿಲಿಮ್‌ನ ಹೆಸರು ಹಾಕಿದ. ಅವು 1789ರಲ್ಲಿ ಆ ಕವಿಯ ಸಂಗ್ರಹದಲ್ಲೇ ಅಚ್ಚಾದವು. ತನ್ನ ಸೀಮೆಯ ಕವಿಗಳಲ್ಲಿ ಡ್ರೂಯಿಡರ ಜ್ಞಾನ ಎಲ್ಲೂ ಕಡಿಯದೆ ಉಳಿದಿದೆ ಎಂದು ಸಾರಿದ. 1792ರ ಜೂನ್ 21ರಂದು ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಗುಡ್ಡದ ಮೇಲೆ ಕಲ್ಲುಗಳನ್ನು ವೃತ್ತಾಕಾರದಲ್ಲಿ ಇಟ್ಟು ‘ಗೋರ್ಸೆಥ್’, ಅಂದರೆ ಕವಿಸಭೆ, ನಡೆಸಿದ. 1819ರಲ್ಲಿ ಅದನ್ನು ವೇಲ್ಸಿನ ಸಾಹಿತ್ಯ ಉತ್ಸವ ಐಸ್ಟೆಥ್‌ವೊಡ್‌ಗೆ ಸೇರಿಸಿದ. ಅವನ ನಕಲಿ ಬಯಲಾಗಿದ್ದು 20ನೇ ಶತಮಾನದಲ್ಲಿ, ವಿದ್ವಾಂಸರು ಒಂದೊಂದೇ ಹಾಳೆ ತಿರುವಿ ನೋಡಿದ ಮೇಲೆ.

ಯೊಲೊ ಸುಳ್ಳು ಹೇಳಿದ, ಅದರಲ್ಲಿ ಎರಡು ಮಾತಿಲ್ಲ. ಅವನಿಂದಾಗಿ ವೆಲ್ಷ್ ಸಾಹಿತ್ಯ ಚರಿತ್ರೆಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಕಲಬೆರಕೆ ಉಳಿಯಿತು. ಆದರೂ ಅವನನ್ನು ಸುಮ್ನೆ ಮೋಸಗಾರ ಅಂತ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಇವತ್ತಿಗೂ ಉತ್ಸವದಲ್ಲಿ ಗೋರ್ಸೆಥ್ ನಡೆಯುತ್ತದೆ. ದೊಡ್ಡ ಕತ್ತಿಯನ್ನು ಒರೆಯಿಂದ ಅರ್ಧ ಎಳೆದು ಸಭೆಯನ್ನು ‘ಶಾಂತಿ ಇದೆಯೇ?’ ಎಂದು ಕೇಳುತ್ತಾರೆ. ಸಾವಿರಾರು ಜನ ‘ಹೆಥುಖ್’, ಅಂದರೆ ಶಾಂತಿ, ಎಂದು ಕೂಗುತ್ತಾರೆ. ಮೂರು ಸಲ. ಆಮೇಲೆ ಕತ್ತಿ ಒರೆಗೆ ಮರಳುತ್ತದೆ. ಅಲ್ಲಿ ಗೌರವ ಸಿಗುವುದು ವೆಲ್ಷ್ ಕವಿಗೆ, ವೆಲ್ಷ್ ಭಾಷೆಗೆ. ತನ್ನ ನುಡಿಗೆ ಮರ್ಯಾದೆ ಸಿಗಲಿ ಎಂದು ಅವನು ಕಟ್ಟಿದ ಸಭೆ ಆ ಕೆಲಸವನ್ನು ಇನ್ನೂ ಮಾಡುತ್ತಿದೆ.

ಧರ್ಮವಾಗಿ ಡ್ರೂಯಿಡ್ ಪದ್ಧತಿ ಬೆಳೆದದ್ದು ಇನ್ನೂ ಈಚೆಗೆ. 1964ರಲ್ಲಿ ರಾಸ್ ನಿಕೊಲ್ಸ್ ಎಂಬ ಕವಿ ಹೊಸ ಸಂಘ ಕಟ್ಟಿದರು. ವರ್ಷಕ್ಕೆ ಎಂಟು ಹಬ್ಬ ಎಂಬ ಕ್ರಮ ಕೂಡಿಬಂದದ್ದು 1950ರ ದಶಕದಲ್ಲಿ. ಹಳೆಯ ಐರಿಷ್ ಬರಹಗಳಲ್ಲಿ ಎದ್ದು ಕಾಣುವ ಋತುಮಾನದ ಹಬ್ಬಗಳು ನಾಲ್ಕೇ: ಸಾವಿನ್, ಇಂಬೊಲ್ಕ್, ಬೆಲ್ಟೇನ್, ಲೂನಸ. ಅವಕ್ಕೆ ಅಯನ, ವಿಷುವಗಳ ನಾಲ್ಕು ದಿನ ಸೇರಿದವು. 2010ರಲ್ಲಿ ಇಂಗ್ಲೆಂಡಿನಲ್ಲಿ ಡ್ರೂಯಿಡ್ ನೆಟ್‌ವರ್ಕ್ ಎಂಬ ಸಂಸ್ಥೆಗೆ ಧಾರ್ಮಿಕ ದತ್ತಿ ಸಂಸ್ಥೆ ಎಂಬ ಮಾನ್ಯತೆ ಸಿಕ್ಕಿತು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 74,000 ಜನ ತಮ್ಮ ಧರ್ಮ ‘ಪೇಗನ್’, ಅಂದರೆ ಕ್ರೈಸ್ತ ಧರ್ಮಕ್ಕೂ ಹಿಂದಿನ ದೇವರುಗಳ, ಪ್ರಕೃತಿಯ ಆರಾಧನೆ, ಎಂದು ಬರೆಸಿದರು. ಇಂದಿನ ಡ್ರೂಯಿಡರಲ್ಲಿ ಬಹಳ ಜನರಿಗೆ ಯೊಲೊನ ಕಥೆ ಗೊತ್ತು. ಗೊತ್ತಿದ್ದೇ ಅವನು ಬರೆದ ಪ್ರಾರ್ಥನೆ ಹೇಳುತ್ತಾರೆ. ರಕ್ಷೆ ಕೊಡು, ರಕ್ಷೆಯಲ್ಲಿ ಬಲ ಕೊಡು, ಬಲದಲ್ಲಿ ಅರಿವು ಕೊಡು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಪ್ರಾರ್ಥನೆ ಅದು. ಹಳೆಯದಲ್ಲ ಅನ್ನುವ ಕಾರಣಕ್ಕೆ ಅದು ಪ್ರಾರ್ಥನೆ ಅಲ್ಲ ಎಂದು ನಾನು ಹೇಳಲಾರೆ.

ಈಗ ಉಳಿದದ್ದರ ಮಾತು. ರೋಮನ್ ಸೈನ್ಯ ಐರ್ಲೆಂಡನ್ನು ಗೆಲ್ಲಲಿಲ್ಲ. ಅಲ್ಲಿ ಡ್ರೂಯಿಡರ ಜಾಗ ಕ್ರೈಸ್ತ ಧರ್ಮ ಬಂದ ಮೇಲೆ ಮೆಲ್ಲಗೆ ಹೋಯಿತು. ಆದರೆ ಕವಿಗಳು ಉಳಿದರು. ವರ್ಷಗಟ್ಟಲೆ ಕಲಿಯುವ ಕವಿಶಾಲೆಗಳು 17ನೇ ಶತಮಾನದವರೆಗೂ ನಡೆದವು. ಕಿಟಕಿ ಇಲ್ಲದ ಕತ್ತಲೆ ಕೋಣೆ. ಒಬ್ಬೊಬ್ಬರಿಗೆ ಒಂದೊಂದು ಹಾಸಿಗೆ. ಹಗಲಿಡೀ ಅಲ್ಲೇ ಮಲಗಿ ಮನಸ್ಸಿನಲ್ಲೇ ಪದ್ಯ ಕಟ್ಟಬೇಕು. ಸಂಜೆ ದೀಪ ತಂದ ಮೇಲೆ ಬರೆಯಬೇಕು. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಕವಿಗಳು ಹೊಟ್ಟೆಯ ಮೇಲೆ ಕಲ್ಲಿಟ್ಟುಕೊಂಡು ಮಲಗುತ್ತಿದ್ದರು ಎಂದು 1703ರ ಒಂದು ಬರಹ ಹೇಳುತ್ತದೆ. ಸೀಸರ್ ಕಂಡ ಬಾಯಿಪಾಠದ ಶಾಲೆಗೆ ಇದಕ್ಕಿಂತ ಹತ್ತಿರದ ನೆಂಟ ಇನ್ನೊಂದಿಲ್ಲ.

ಪುರಾಣ ಕಥೆಗಳನ್ನು ಬರೆದಿಟ್ಟವರು ಕ್ರೈಸ್ತ ಸನ್ಯಾಸಿಗಳು. 12ನೇ ಶತಮಾನದಲ್ಲಿ ಕೂ ಹುಲಿನ್ ಎಂಬ ವೀರನ ದನಗಾಳಗದ ಕಥೆಯನ್ನು ಒಬ್ಬ ಲಿಪಿಕಾರ ಪ್ರತಿ ಮಾಡಿದ. ಇದನ್ನು ಹೀಗೇ ಬಾಯಿಪಾಠ ಮಾಡಿದವರಿಗೆ ಒಳ್ಳೆಯದಾಗಲಿ ಎಂದು ಕೊನೆಯಲ್ಲಿ ಐರಿಷ್‌ನಲ್ಲಿ ಹರಸಿದ. ಅದರ ಕೆಳಗೇ ಲ್ಯಾಟಿನ್‌ನಲ್ಲಿ ಇನ್ನೊಂದು ಮಾತು ಇದೆ. ಇದರಲ್ಲಿ ಕೆಲವು ದೆವ್ವದ ಮೋಸ, ಕೆಲವು ಕವಿಕಲ್ಪನೆ, ನಾನಂತೂ ನಂಬುವುದಿಲ್ಲ ಎಂದು. ನಂಬದಿದ್ದರೂ ಒಂದಕ್ಷರ ಬಿಡದೆ ಬರೆದ ಆ ಕೈಗೆ ನಾವು ಋಣಿಗಳು.

ಇನ್ನು ಮನೆಗಳಲ್ಲಿ ಉಳಿದದ್ದು. ಸುಮಾರು ಕ್ರಿ.ಶ. 900ರ ಐರಿಷ್ ಪದಕೋಶವೊಂದು ಬ್ರಿಜಿಡ್ ಎಂಬ ದೇವಿಯನ್ನು ಹೆಸರಿಸುತ್ತದೆ. ಕವಿಗಳು ಪೂಜಿಸುವ ದೇವಿ. ಅದೇ ಹೆಸರಿನ ಸಂತಳ ಹಬ್ಬ ಫೆಬ್ರವರಿ 1, ಇಂಬೊಲ್ಕ್ ದಿನವೇ. 2023ರಿಂದ ಆ ಹೊತ್ತಿಗೆ ಐರ್ಲೆಂಡಿನಲ್ಲಿ ಸರ್ಕಾರಿ ರಜೆಯೂ ಇದೆ. ಹಿಂದಿನ ಸಂಜೆ ಮನೆಯವರು ಕೆರೆದಂಡೆಯ ಜೊಂಡು ತಂದು ಶಿಲುಬೆ ಹೆಣೆಯುತ್ತಾರೆ. ನಡುವೆ ಒಂದು ಚೌಕ, ನಾಲ್ಕು ದಿಕ್ಕಿಗೆ ನಾಲ್ಕು ತೋಳು. ಅದನ್ನು ಬಾಗಿಲ ಮೇಲೆ ಸಿಕ್ಕಿಸುತ್ತಾರೆ. ಒಂದು ತುಂಡು ಬಟ್ಟೆಯನ್ನು ರಾತ್ರಿ ಹೊರಗೆ ಹರವಿ ಇಡುತ್ತಾರೆ. ಬ್ರಿಜಿಡ್ ಹಾದುಹೋಗುವಾಗ ಮುಟ್ಟಿ ಹೋಗಲಿ ಅಂತ. ಬೆಳಿಗ್ಗೆ ಮಂಜಿನಲ್ಲಿ ಒದ್ದೆಯಾದ ಬಟ್ಟೆಯನ್ನು ಒಳಗೆ ತಂದು ಜೋಪಾನ ಮಾಡುತ್ತಾರೆ. ತಲೆನೋವು ಬಂದರೆ ಅದನ್ನು ತಲೆಗೆ ಸುತ್ತಿಕೊಳ್ಳುವುದು, ಹಸು ಕರು ಹಾಕಲು ಒದ್ದಾಡಿದರೆ ಅದರ ಬೆನ್ನ ಮೇಲೆ ಹಾಕುವುದು ವಾಡಿಕೆ. ಇಂದಿನ ಡ್ರೂಯಿಡರಲ್ಲೂ ಕೆಲವರು ಅದೇ ರಾತ್ರಿ ಬಟ್ಟೆ ಹೊರಗಿಡುತ್ತಾರೆ. ಅವರಿಗೆ ಅದು ಬಂದದ್ದು ಡ್ರೂಯಿಡರಿಂದ ಅಲ್ಲ, ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದ ಐರಿಷ್ ಅಜ್ಜಿಯರಿಂದ.