ಜೆಪ್ಪುವಿನಲ್ಲಿ ಹುಟ್ಟಿದ ಹಂಚು

ನಮ್ಮ ಹಳೆ ಮನೆಯ ಮಾಡು ಬಿಚ್ಚಿದಾಗ ಹಂಚುಗಳನ್ನೆಲ್ಲ ಇಳಿಸಿ ಅಂಗಳದ ಮೂಲೆಯಲ್ಲಿ ಜೋಡಿಸಿಟ್ಟಿದ್ದೆವು. ಒಂದನ್ನು ಎತ್ತಿಕೊಂಡು ನೋಡಿದೆ. ಮಳೆ ಬೀಳುತ್ತಿದ್ದ ಮೇಲ್ಮೈ ಪಾಚಿ ಹಿಡಿದು ಕಪ್ಪಾಗಿತ್ತು. ಒಳಮೈ ಮಾತ್ರ ಇನ್ನೂ ಕೆಂಪು. ಅಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಗಳಿದ್ದವು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಆ ಹಂಚು ಆ ವರ್ಷದ್ದು ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಅದು ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ವರ್ಷಗಳ ನಂತರ ಒತ್ತಿದ ಹಂಚಿನ ಮೇಲೂ ಅದೇ ಇಸವಿ ಇರುತ್ತಿತ್ತು.

ಅದಕ್ಕೆ ಮೊದಲು ಕರಾವಳಿಯ ಸಾಮಾನ್ಯರ ಮನೆಗಳಿಗೆ ಮುಳಿಹುಲ್ಲಿನ ಮಾಡು, ಇಲ್ಲವೇ ತೆಂಗಿನ ಮಡಲು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹೊದೆಸಬೇಕು. ಬೇಸಗೆಯಲ್ಲಿ ಒಂದು ಕಿಡಿ ಹಾರಿದರೆ ಮುಗೀತು. ಕುಂಬಾರರು ಮಾಡುವ ಅರ್ಧ ಕೊಳವೆಯಂಥ ನಾಡಹಂಚೂ ಇತ್ತು. ಆದರೆ ಅದನ್ನು ಒಂದರ ಮೇಲೊಂದು ಜಾಸ್ತಿ ಹಾಕಬೇಕು, ಭಾರ ಹೆಚ್ಚು. ಮಂಗ ಓಡಾಡಿದರೆ ಜಾರುತ್ತದೆ.

ಬಾಸೆಲ್ ಮಿಷನ್ ಎಂದರೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಸಂಸ್ಥೆ. ಅದರವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಬಂದದ್ದು ಧರ್ಮ ಹೇಳಲಿಕ್ಕೆ, ಕಾರ್ಖಾನೆ ಕಟ್ಟಲಿಕ್ಕಲ್ಲ. ಆದರೆ ಕ್ರೈಸ್ತರಾದವರನ್ನು ಜಾತಿ ಹೊರಗೆ ಹಾಕಿತು. ಗೇಣಿಗೆ ಇದ್ದ ಭೂಮಿ ಹೋಯಿತು, ಕುಲಕಸುಬು ಹೋಯಿತು. ಅವರಿಗೆ ಅನ್ನದ ದಾರಿ ಹುಡುಕಬೇಕಾಯಿತು. ಕೃಷಿ, ಗಡಿಯಾರ ರಿಪೇರಿ ಎಂದೆಲ್ಲ ಪ್ರಯತ್ನಪಟ್ಟರು. ನಿಂತದ್ದು ಮುದ್ರಣ, ನೇಯ್ಗೆ ಮತ್ತು ಹಂಚು.

ಮುದ್ರಣಾಲಯ 1841ರಲ್ಲಿ ಶುರುವಾಯಿತು. ಎರಡು ವರ್ಷಕ್ಕೆ, ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಹೊರತಂದರು. ನೇಯ್ಗೆಗೆ 1851ರಲ್ಲಿ ಜಾನ್ ಹಾಲರ್ ಬಂದರು. ಖಾಕಿ ಬಣ್ಣ ಹುಟ್ಟಿದ್ದೇ ಅವರ ಮಗ್ಗದ ಮನೆಯಲ್ಲಿ ಎಂದು ಮಂಗಳೂರಿನಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಅಷ್ಟು ಸಲೀಸಾಗಿ ಒಪ್ಪಲು ನನಗೆ ಆಗುವುದಿಲ್ಲ. 1840ರ ದಶಕದಲ್ಲೇ ಪೇಶಾವರದ ಕಡೆ ಒಂದು ಸೈನ್ಯದ ತುಕಡಿ ಮಣ್ಣಿನ ಬಣ್ಣದ ಉಡುಪು ಹಾಕುತ್ತಿತ್ತು. ಹಾಲರ್ ಇಲ್ಲಿ ಖಾಕಿ ಬಟ್ಟೆ ನೇಯಿಸಿ ಹೆಸರು ಮಾಡಿದರು ಎನ್ನುವುದಂತೂ ನಿಜ.

ಹಂಚಿನ ಕತೆಯ ಮುಖ್ಯ ವ್ಯಕ್ತಿ ಜಾರ್ಜ್ ಪ್ಲೆಬ್ಸ್ಟ್. ಆತ ಬಂದದ್ದು ಮುದ್ರಣಾಲಯಕ್ಕೆ. ಕನ್ನಡದ ಅಚ್ಚುಮೊಳೆಗಳನ್ನು ತಿದ್ದಿ ಅಂದಗೊಳಿಸಿದ ಮೆಕ್ಯಾನಿಕ್. ಸೀಸದ ಅಕ್ಷರ ಎರಕ ಹೊಯ್ದ ಕೈಯೇ ಆಮೇಲೆ ಮಣ್ಣಿಗೆ ಬಂತು. ನೇತ್ರಾವತಿ ಮತ್ತು ಗುರುಪುರ ಹೊಳೆಯ ದಡದ ಜೇಡಿಮಣ್ಣನ್ನು ಪರೀಕ್ಷೆ ಮಾಡಿದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕೆಲಸ ಶುರುವಾಯಿತು.

ಹಂಚಿನ ವಿನ್ಯಾಸ ಇಲ್ಲಿಯದಲ್ಲ. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು 1841ರಲ್ಲಿ ಇಂಥ ಹಂಚಿಗೆ ಪೇಟೆಂಟ್ ಪಡೆದಿದ್ದರು. ಅವರ ಊರು ಬಾಸೆಲ್‌ಗೆ ಹತ್ತಿರವೇ. ಅದರ ಜಾಣ್ಮೆ ಅಂಚಿನಲ್ಲಿದೆ. ಒಂದು ಬದಿಯಲ್ಲಿ ತೋಡು, ಇನ್ನೊಂದು ಬದಿಯಲ್ಲಿ ಏಣು. ಪಕ್ಕದ ಹಂಚಿನ ಏಣು ಈ ತೋಡಿನೊಳಗೆ ಕೂರುತ್ತದೆ. ನೀರು ಒಳಗೆ ಬರಲು ದಾರಿಯಿಲ್ಲ. ಹಿಂಭಾಗದ ಮೊಳೆಯಂಥ ಉಬ್ಬು ಮಾಡಿನ ರೀಪಿಗೆ, ಅಂದರೆ ಅಡ್ಡಪಟ್ಟಿಗೆ, ಸಿಕ್ಕಿಕೊಳ್ಳುತ್ತದೆ. ಗಾರೆ ಬೇಡ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಸಾಕು. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು.

ಮಾಡುವ ಕೆಲಸ ಮಾತ್ರ ಸುಲಭದ್ದಲ್ಲ. ಗದ್ದೆಯಿಂದ ಅಗೆದ ಮಣ್ಣನ್ನು ದೋಣಿಯಲ್ಲಿ ತರಬೇಕು. ಹಳೆಯ ಕಾರ್ಖಾನೆಗಳೆಲ್ಲ ಬೋಳಾರ, ಹೊಯಿಗೆ ಬಜಾರ್, ಕುದ್ರೋಳಿ ಎಂದು ನೀರಿನ ಬದಿಯಲ್ಲೇ ಇದ್ದದ್ದು ಅದಕ್ಕೇ. ಕಲ್ಲು, ಬೇರು ತೆಗೆದು ಮಣ್ಣು ಹದ ಮಾಡಬೇಕು. ಮೊದಲು ಮಣ್ಣು ಕಲಸುವ ಯಂತ್ರವನ್ನು ಎತ್ತುಗಳು ಗಾಣದ ಹಾಗೆ ತಿರುಗಿಸುತ್ತಿದ್ದವು. ಆಮೇಲೆ ಉಗಿ ಯಂತ್ರ ಬಂತು. ಹದವಾದ ಮಣ್ಣಿನ ಹಲಗೆಗೆ ಎಣ್ಣೆ ಸವರಿ ಅಚ್ಚಿಗೆ ಒತ್ತುತ್ತಾರೆ. ಅಂಚಿನ ಹೆಚ್ಚುವರಿ ಮಣ್ಣನ್ನು ಕೈಯಲ್ಲೇ ಕತ್ತರಿಸಿ, ಹಲಗೆ ಮೇಲಿಟ್ಟು ನೆರಳಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಇಟ್ಟರೆ ಬಿರುಕು. ಅಂಚು ಕತ್ತರಿಸುವುದು, ಹೊರುವುದು, ಜೋಡಿಸುವುದರಲ್ಲಿ ಹೆಂಗಸರ ದುಡಿಮೆ ತುಂಬಾ ಇತ್ತು. ಕೊನೆಗೆ ಗೂಡಿನಲ್ಲಿ ಸುಡುವುದು. ಮಣ್ಣಿನೊಳಗಿನ ಕಬ್ಬಿಣದ ಅಂಶವೇ ಬೆಂದು ಆ ಕೆಂಪು ಬಣ್ಣ ಕೊಡುತ್ತದೆ. ಸೌದೆ ಘಟ್ಟದ ಕಾಡುಗಳಿಂದ ಬರುತ್ತಿತ್ತು. ಹಂಚಿನ ಕೀರ್ತಿಯ ಲೆಕ್ಕದಲ್ಲಿ ಆ ಮರಗಳನ್ನೂ ಸೇರಿಸಬೇಕು, ಅಲ್ವಾ?

ಯಂತ್ರ ಕೆಟ್ಟರೆ ಯೂರೋಪಿನಿಂದ ಬಿಡಿಭಾಗ ಬರುವ ತನಕ ಕಾಯುತ್ತಾ ಕೂರಲು ಆಗುತ್ತದೆಯೇ? 1874ರಲ್ಲಿ ಮಂಗಳೂರಿನಲ್ಲೇ ಮಿಷನ್ನಿನ ಮೆಕ್ಯಾನಿಕಲ್ ವರ್ಕ್‌ಶಾಪ್ ಶುರುವಾಯಿತು. ಕಬ್ಬಿಣದ ಕೆಲಸ ಇಲ್ಲಿನ ಹುಡುಗರ ಕೈಗೆ ಹತ್ತಿದ್ದು ಅಲ್ಲಿ. ಹಂಚು, ಮಗ್ಗ, ಮುದ್ರಣ, ಕಬ್ಬಿಣ ಬೇರೆ ಬೇರೆ ಕತೆಗಳಲ್ಲ. ಒಂದರ ಕೆಲಸಕ್ಕೆ ಇನ್ನೊಂದು ಹೆಗಲು ಕೊಟ್ಟಿತ್ತು. ಈ ಪರಂಪರೆಯ ಬಗ್ಗೆ ಬರೆಯುವವರು ಹಂಚನ್ನು ಹೊಗಳಿ ವರ್ಕ್‌ಶಾಪನ್ನು ಮರೆತುಬಿಡುತ್ತಾರೆ. ನನಗೆ ಅದು ಬೇಸರ.

ಜೆಪ್ಪುವಿನ ನಂತರ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫೆರೋಕ್‌ಗಳಲ್ಲಿ ಕಾರ್ಖಾನೆಗಳಾದವು. ಆಲ್ಬುಕರ್ಕ್‌ನಂಥ ಊರಿನವರದೇ ಸಂಸ್ಥೆಗಳೂ ಬೇಗ ತಲೆಯೆತ್ತಿದವು. ಮಂಗಳೂರಿನ ಹಂಚು ಹಡಗು ಹತ್ತಿ ಬರ್ಮಾ, ಸಿಲೋನ್, ಏಡನ್, ಪೂರ್ವ ಆಫ್ರಿಕಾದ ತನಕ ಹೋಯಿತು.

1914ರಲ್ಲಿ ಯುದ್ಧ ಬಂತು. ಮಿಷನ್ ಸ್ವಿಟ್ಜರ್‌ಲೆಂಡಿನದಾದರೂ ಇಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಜರ್ಮನರು ಜಾಸ್ತಿ. ಬ್ರಿಟಿಷ್ ಸರ್ಕಾರ ಅವರನ್ನು ಬಂಧಿಸಿ ಹೊರಗೆ ಕಳಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಯ ಕೈಗೆ ಹೋದವು. ಅದೇ ಟ್ರಸ್ಟಿನ ಕಲ್ಲಿಕೋಟೆಯ ನೇಯ್ಗೆ ಕಾರ್ಖಾನೆ 2009ರಲ್ಲಿ ಬಾಗಿಲು ಹಾಕಿತು. ಮಂಗಳೂರಿನಲ್ಲಿ 1930, 40ರ ದಶಕಗಳಲ್ಲಿ ಹಂಚು, ಗೇರುಬೀಜ, ಬೀಡಿ ಕಾರ್ಮಿಕರು ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದರು. ಕರಾವಳಿಯ ಎಡಪಕ್ಷ ಬೇರೂರಿದ್ದು ಈ ಅಂಗಳಗಳಲ್ಲಿ.

ಇಳಿಗಾಲಕ್ಕೆ ಕಾರಣ ಒಂದೇ ಅಲ್ಲ. ತಾರಸಿ ಮನೆ ಕಟ್ಟುವುದು ಅಂತಸ್ತಿನ ಗುರುತಾಯಿತು. ಸೌದೆ ದುಬಾರಿಯಾಯಿತು. ಮಣ್ಣು ಅಗೆಯಲು ಅನುಮತಿ ಕಷ್ಟವಾಯಿತು, ಗದ್ದೆ ಉಳಿಯಬೇಕಾದರೆ ಅದು ಸರಿಯೂ ಹೌದು. ಮಾಡನ್ನು ಹೊರುವ ಪಕ್ಕಾಸಿಗೆ ಮರ ಸಿಗುವುದಿಲ್ಲ, ಮಾಡು ಏರಿ ಹಂಚು ಕೈಯಾಡಿಸುವವರೂ ಸಿಗುವುದಿಲ್ಲ. ನದಿ ಬದಿಯ ಜಾಗಕ್ಕೆ ಹಂಚಿಗಿಂತ ಹೆಚ್ಚು ಬೆಲೆ ಬಂತು. ಒಂದೊಂದೇ ಹೊಗೆಕೊಳವೆ ತಣ್ಣಗಾಯಿತು.

ಈಗ ಹಳೆ ಹಂಚನ್ನು ರೆಸಾರ್ಟಿನವರು ಹುಡುಕಿಕೊಂಡು ಬರುತ್ತಾರೆ. ಬರಲಿ, ಹಂಚು ಉಳಿಯುತ್ತದೆ. ಆದರೆ ಮಣ್ಣನ್ನು ಹೆಬ್ಬೆರಳಲ್ಲಿ ಒತ್ತಿ ಹದ ಹೇಳುವವರು, ಬೆಂಕಿಯ ಬಣ್ಣ ನೋಡಿ ಗೂಡಿನ ಕಾವು ಅಳೆಯುವವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಅವರ ಮನೆಗೆ ಹೋಗಿ ಕೂತು ಕೇಳಿ ಬರೆದುಕೊಳ್ಳುವುದಕ್ಕೆ ದೊಡ್ಡ ಮ್ಯೂಸಿಯಂ ಏನೂ ಬೇಕಿಲ್ಲ, ಒಂದು ಫೋನ್ ಮತ್ತು ಒಂದು ಮಧ್ಯಾಹ್ನ ಸಾಕು. ಇದು ಈ ವರ್ಷವೇ ಆಗಬೇಕು.

ನಮ್ಮ ಅಂಗಳದಲ್ಲಿದ್ದ ಹಂಚುಗಳನ್ನು ಆಮೇಲೆ ಹಟ್ಟಿಯ ಮಾಡಿಗೆ ಹೊದೆಸಿದೆವು. ಒಂದೆರಡು ಗಾಜಿನ ಹಂಚೂ ಉಳಿದಿದ್ದವು. ಅವುಗಳಿಂದ ಬೆಳಿಗ್ಗೆ ಹೊತ್ತು ದನದ ಬೆನ್ನ ಮೇಲೆ ಚೌಕಾಕಾರದ ಬಿಸಿಲು ಬೀಳುತ್ತದೆ.