ನೀರಿನಡಿಯ ಧ್ವನಿಜಾಲದಲ್ಲಿ ಸರದಿಯ ಲೆಕ್ಕ: ಮಲ್ಪೆ ಕಡಲಿನ ಉದಾಹರಣೆ

ಸಮುದ್ರದ ನೀರಿನಲ್ಲಿ ರೇಡಿಯೊ ಅಲೆಗಳು ಬೇಗನೆ ಅಡಗಿಹೋಗುವುದರಿಂದ ಅಲ್ಲಿನ ಸಂವೇದಕಗಳು ದೂರದ ಸಂಪರ್ಕಕ್ಕೆ ಧ್ವನಿಯನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಧ್ವನಿಯ ವೇಗ ಅಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್, ಅಂದರೆ ರೇಡಿಯೊ ಅಲೆಗಿಂತ ಸುಮಾರು ಎರಡು ಲಕ್ಷ ಪಟ್ಟು ನಿಧಾನ. ಯಾರು ಯಾವಾಗ ಕಳುಹಿಸಬೇಕೆಂದು ನಿರ್ಧರಿಸುವ ಮಾಧ್ಯಮ ಪ್ರವೇಶ ಪ್ರೋಟೋಕಾಲ್‌ಗಳು ನೆಲದ ಮೇಲೆ ಚೆನ್ನಾಗಿ ನಡೆದರೂ ಕಡಲಿನಲ್ಲಿ ಎಡವುವುದಕ್ಕೆ ಈ ವಿಳಂಬವೇ ಮುಖ್ಯ ಕಾರಣ.

ನಮಗೆ ಪರಿಚಿತವಾದ ಜಾಗದಲ್ಲೇ ಲೆಕ್ಕ ಹಾಕೋಣ. ಮಲ್ಪೆ ದಡದ ಸಮೀಪ ಸ್ವೀಕರಿಸುವ ನೋಡ್ (ಜಾಲದ ಒಂದು ಸಾಧನ) 'ಗ' ಇದೆ ಎಂದುಕೊಳ್ಳಿ. ಅಲ್ಲಿಂದ ಸೇಂಟ್ ಮೇರಿಸ್ ದ್ವೀಪದ ಕಡೆಗೆ ಒಂದೇ ಸಾಲಿನಲ್ಲಿ 1.5 ಕಿ.ಮೀ. ದೂರದಲ್ಲಿ 'ಕ', 6 ಕಿ.ಮೀ. ದೂರದಲ್ಲಿ 'ಖ' ಇವೆ. 'ಕ'ದ ಧ್ವನಿ 'ಗ'ವನ್ನು ತಲುಪಲು 1 ಸೆಕೆಂಡು, 'ಖ'ದ ಧ್ವನಿಗೆ 4 ಸೆಕೆಂಡು ಬೇಕು. ಒಂದು ಪ್ಯಾಕೆಟ್‌ನ, ಅಂದರೆ ಒಮ್ಮೆಗೆ ಕಳುಹಿಸುವ ಮಾಹಿತಿಯ ತುಣುಕಿನ, ಉದ್ದ ಅರ್ಧ ಸೆಕೆಂಡು.

ಇಬ್ಬರೂ ಒಂದೇ ಕ್ಷಣದಲ್ಲಿ ಕಳುಹಿಸಿದರೆ ಡಿಕ್ಕಿಯಾಗುವುದಿಲ್ಲ. ಒಂದು 1ನೇ ಸೆಕೆಂಡಿಗೂ ಇನ್ನೊಂದು 4ನೇ ಸೆಕೆಂಡಿಗೂ ಬಂದು ಸೇರುತ್ತವೆ. ಆದರೆ 'ಖ' 0ಯಲ್ಲಿ ಕಳುಹಿಸಿ, 'ಕ' 2.8ನೇ ಸೆಕೆಂಡಿನಲ್ಲಿ ಕಳುಹಿಸಿದರೆ ಎರಡೂ 'ಗ'ದ ಬಳಿ ಒಂದರ ಮೇಲೊಂದು ಬಿದ್ದು ಹಾಳಾಗುತ್ತವೆ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: 'ಕ' ಕಳುಹಿಸುವ ಮುನ್ನ ಕಿವಿಗೊಟ್ಟು ಆಲಿಸಿದ್ದರೂ ಅದಕ್ಕೆ ಮೌನವೇ ಕೇಳಿಸುತ್ತಿತ್ತು, ಏಕೆಂದರೆ 'ಖ' ಕಳುಹಿಸಿ ಮುಗಿಸಿ ಎರಡು ಸೆಕೆಂಡು ಕಳೆದಿದ್ದರೂ ಆ ಧ್ವನಿ 'ಕ'ವನ್ನು ಮುಟ್ಟುವುದು 3ನೇ ಸೆಕೆಂಡಿಗೆ. ಕಾಗದದ ಮೇಲೆ ಕಾಲರೇಖೆ ಎಳೆದ ಮೇಲೆಯೇ ನನಗೆ ಇದು ಮನದಟ್ಟಾಯಿತು. ನೀವೂ ದಯವಿಟ್ಟು ಎಳೆದು ನೋಡಿ.

ಯಾರಿಗೂ ಕಾಯದೆ ಬೇಕೆನಿಸಿದಾಗ ಕಳುಹಿಸುವ 'ಶುದ್ಧ ಅಲೋಹಾ' ಪ್ರೋಟೋಕಾಲ್‌ನಲ್ಲಿ ಮಾಧ್ಯಮದ ಗರಿಷ್ಠ ಬಳಕೆ ಶೇ. 18.4; ಕಾಲವನ್ನು ಸ್ಲಾಟ್‌ಗಳೆಂಬ ಸಮ ತುಂಡುಗಳಾಗಿ ಕತ್ತರಿಸಿದರೆ ಅದು ಶೇ. 36.8ಕ್ಕೆ ಏರುತ್ತದೆಂದು ಪಠ್ಯದಲ್ಲಿ ಓದುತ್ತೇವೆ. ಒಂದೇ ಸ್ಲಾಟ್‌ನಲ್ಲಿ ಹೊರಟವು ಬೇರೆ ಬೇರೆ ಸ್ಲಾಟ್‌ಗಳಲ್ಲಿ ತಲುಪುವ ನೀರಿನಲ್ಲಿ ಆ ಲಾಭ ಕೈಗೆ ಸಿಗುವುದಿಲ್ಲ. ಅತಿ ದೂರದ ವಿಳಂಬವನ್ನೂ ಸ್ಲಾಟ್‌ಗೆ ಸೇರಿಸಿದರೆ ಅದು 4.5 ಸೆಕೆಂಡಾಗಿ, ಒಂಬತ್ತರಲ್ಲಿ ಎಂಟು ಪಾಲು ಕಾಲ ಬರಿದೇ ಕಳೆಯುತ್ತದೆ. ಆದ್ದರಿಂದ ಸರದಿಯನ್ನು ಕಳುಹಿಸುವ ಕ್ಷಣದಿಂದಲ್ಲ, ತಲುಪುವ ಕ್ಷಣದಿಂದ ಹಿಂದಕ್ಕೆ ಎಣಿಸುವುದೇ ಸರಿಯಾದ ದಾರಿಯೆಂದು ನನ್ನ ಅಭಿಪ್ರಾಯ. 'ಕ' 3.6ನೇ ಸೆಕೆಂಡಿಗೆ ಕಳುಹಿಸಲಿ; ಅದು 4.6ಕ್ಕೆ, 'ಖ'ದ ಪ್ಯಾಕೆಟ್‌ನ ಬೆನ್ನಿಗೇ, ಸುರಕ್ಷಿತವಾಗಿ ಸೇರುತ್ತದೆ.

ಪ್ಯಾಕೆಟ್ ಕಳೆದುಹೋದದ್ದೆಲ್ಲ ಡಿಕ್ಕಿಯಿಂದಲೇ ಅಲ್ಲ. ಪರ್ಸೀನ್ ಮೀನುಗಾರಿಕೆ ಬೋಟೊಂದು ಮೇಲೆ ಹಾದುಹೋದಾಗ ಪ್ರೊಪೆಲ್ಲರ್ ಸದ್ದಿನಲ್ಲಿ ಅದು ಮುಳುಗಿರಬಹುದು. ಆಳವಿಲ್ಲದ ಕಡಲಿನಲ್ಲಿ ನೀರಿನ ಮೇಲ್ಮೈಗೂ ತಳಕ್ಕೂ ತಾಗಿ ಬಂದ ಪ್ರತಿಧ್ವನಿಗಳು ಅದನ್ನು ಕಲಸಿರಬಹುದು. ಅಂಥ ನಷ್ಟಕ್ಕೆ, ಡಿಕ್ಕಿಯಾದಾಗ ಮಾಡುವಂತೆ, ಮತ್ತೆ ಕಳುಹಿಸುವ ಮುನ್ನ ಕಾಯುವ ಅವಧಿಯನ್ನು ದುಪ್ಪಟ್ಟು ಮಾಡುತ್ತ ಹೋಗುವುದು ವ್ಯರ್ಥ. ದೋಷ ತಿದ್ದುವ ಹೆಚ್ಚುವರಿ ಬಿಟ್‌ಗಳನ್ನು ಮೊದಲೇ ಸೇರಿಸುವುದು ಮೇಲು. ಅರ್ಧ ಸೆಕೆಂಡಿನ ಪ್ಯಾಕೆಟ್‌ಗೆ 'ಖ' 8 ಸೆಕೆಂಡು ಸ್ವೀಕೃತಿಗಾಗಿ (ತಲುಪಿತೆಂಬ ಉತ್ತರಕ್ಕಾಗಿ) ಕಾಯುವ ಬದಲು, ಹಲವು ಪ್ಯಾಕೆಟ್‌ಗಳನ್ನು ಕ್ರಮಸಂಖ್ಯೆ ಹಾಕಿ ಒಟ್ಟಿಗೆ ಕಳುಹಿಸಿ, ಯಾವುವು ಬರಲಿಲ್ಲವೆಂದು ಒಂದೇ ಉತ್ತರದಲ್ಲಿ ತಿಳಿದುಕೊಳ್ಳಬಹುದು.

ಈ ವ್ಯವಸ್ಥೆಯೆಲ್ಲ ಗಡಿಯಾರವನ್ನು ಅವಲಂಬಿಸಿದೆ. ಹತ್ತು ಲಕ್ಷಕ್ಕೆ 20 ಭಾಗದಷ್ಟು ತಪ್ಪುವ ಗಡಿಯಾರ ದಿನಕ್ಕೆ ಸುಮಾರು 1.7 ಸೆಕೆಂಡು ಜಾರುತ್ತದೆ. ಉಷ್ಣತೆ, ಲವಣಾಂಶಗಳು ಬದಲಾಗಿ ಧ್ವನಿಯ ವೇಗ 1520 ಮೀಟರ್ ಆದರೆ 'ಖ'ದ ವಿಳಂಬವೂ ಸುಮಾರು 0.05 ಸೆಕೆಂಡು ಕಡಿಮೆಯಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ನದಿಗಳ ಸಿಹಿನೀರು ಕಡಲಿಗೆ ಸೇರುವಾಗ ಬೇಸಿಗೆಯ ಅಳತೆಯನ್ನೇ ನಂಬಿ ಕೂರದೆ, ಸಮಯಮುದ್ರೆಯುಳ್ಳ ಸಂದೇಶಗಳನ್ನು ಆಗಾಗ ವಿನಿಮಯ ಮಾಡಿ ವಿಳಂಬವನ್ನೂ ಗಡಿಯಾರವನ್ನೂ ಮತ್ತೆ ಹೊಂದಿಸಿಕೊಳ್ಳಬೇಕು.